ಅಗಲಿದವರ ದಿನಾಂಕದಲ್ಲಿ ಗುಟ್ಟಿದೆಯೇ? ನೀವೇ ಪರೀಕ್ಷಿಸಿ

ಕಕ್ಕಡ ತಿಂಗಳ ಮಳೆಗೆ ಕರೆಂಟು ಹೋದ ಸಂಜೆ ಮಗಳು ನೋಟ್‌ಬುಕ್ ಹಿಡಿದು ಬಂದಳು. ‘ಕಾರ್ಯಪ್ಪನವರೂ ತಿಮ್ಮಯ್ಯನವರೂ ತೀರಿಕೊಂಡಿದ್ದು ಶನಿವಾರ. ಇಬ್ಬರ ಇನಿಷಿಯಲ್ಲೂ ಕೆ. ಇದರಲ್ಲಿ ಏನೋ ಇದೆ’ ಎಂದಳು. ನಮ್ಮ ಮಡಿಕೇರಿಯಲ್ಲಿ ಈ ಇಬ್ಬರು ಸೇನಾ ದಂಡನಾಯಕರ ಹೆಸರಿಗೆ ಇರುವ ತೂಕ ನಿಮಗೆ ಗೊತ್ತೇ ಇದೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಬಹುದು.

ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ. ಷೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರ ಹೆಸರಿನ ಮುಂದೆಯೂ 1616ರ ಏಪ್ರಿಲ್ 23 ಎಂದು ಬರೆಯುವ ರೂಢಿಯಿದೆ. ಆದರೆ ಆಗ ಇಂಗ್ಲೆಂಡಿನ ಕ್ಯಾಲೆಂಡರ್ ಸ್ಪೇನಿನದಕ್ಕಿಂತ 10 ದಿನ ಹಿಂದಿತ್ತು. ತಾರೀಕು ಒಂದೇ, ದಿನ ಬೇರೆ.

ಆಮೇಲೆ ವಾರ ಕಂಡುಹಿಡಿಯಿರಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ನಿಧನರಾದದ್ದು 1993ರ ಮೇ 15ರಂದು. ಆ ವರ್ಷದ ಜನವರಿ 1 ಶುಕ್ರವಾರ. ಅಲ್ಲಿಂದ ಮೇ 15ಕ್ಕೆ 134 ದಿನ. 7ರಿಂದ ಭಾಗಿಸಿದರೆ ಶೇಷ 1. ಶುಕ್ರವಾರದಿಂದ ಒಂದು ದಿನ ಮುಂದೆ ಹೋದರೆ ಶನಿವಾರ. ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ಕೊನೆಯುಸಿರೆಳೆದ 1965ರ ಡಿಸೆಂಬರ್ 18 ಕೂಡ ಶನಿವಾರವೇ. ಮಗಳ ಲೆಕ್ಕ ಸರಿಯಾಗಿತ್ತು.

ಮುಂದಿನದೇ ಮುಖ್ಯ ಹೆಜ್ಜೆ, ಹೆಚ್ಚಿನವರು ಬಿಡುವುದೂ ಇದನ್ನೇ. ಯಾವ ಹೆಸರುಗಳು ಈ ಊಹೆ ಹುಟ್ಟಿಸಿದವೋ ಅವನ್ನೇ ಸಾಕ್ಷಿಗೆ ಕರೆಯಬಾರದು. ತಾರೀಕು ನೋಡುವ ಮೊದಲೇ ಹೊಸ ಹೆಸರು ಬರೆದಿಟ್ಟುಕೊಳ್ಳಿ. ನಾವು ಮೂವರನ್ನು ಆರಿಸಿದೆವು: ಬ್ರಿಟಿಷರ ವಿರುದ್ಧ ಬಂಡೆದ್ದು ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ, ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ. ಅವರು ತೀರಿಕೊಂಡ ದಿನಗಳು ಇದೇ ಕ್ರಮದಲ್ಲಿ: 1837ರ ಅಕ್ಟೋಬರ್ 31 ಮಂಗಳವಾರ. 1965ರ ಸೆಪ್ಟೆಂಬರ್ 7 ಮಂಗಳವಾರ. 2009ರ ಅಕ್ಟೋಬರ್ 14 ಬುಧವಾರ. ಶನಿವಾರ ಒಂದೂ ಇಲ್ಲ.

‘ಹಾಗಾದರೆ ಮಂಗಳವಾರ!’ ಎಂದಳು ಮಗಳು. ನನಗೂ ಒಂದು ಕ್ಷಣ ಮೈ ಜುಮ್ಮೆಂದಿತು. ಆಗ ಗುಣಾಕಾರಕ್ಕೆ ಇಳಿದೆವು. ಮೊದಲನೆಯವರದು ಯಾವ ವಾರವಾದರೂ ಸರಿ. ಎರಡನೆಯವರದು ಬೇರೆ ವಾರವಾಗುವ ಸಾಧ್ಯತೆ 7ರಲ್ಲಿ 6, ಮೂರನೆಯವರದು ಇವೆರಡೂ ಅಲ್ಲದ ವಾರವಾಗುವುದು 7ರಲ್ಲಿ 5, ಹೀಗೆ 4, 3. ಎಲ್ಲ ಗುಣಿಸಿದರೆ ಐವರದೂ ಬೇರೆಬೇರೆ ವಾರವಾಗುವ ಸಾಧ್ಯತೆ ಬರೀ ಶೇ 15. ಯಾರಾದರೂ ಇಬ್ಬರದು ಹೊಂದುವುದು ಶೇ 85! ತಾರೀಕಿನ ಮಾತೂ ಇದೇ: 23 ಜನರಿದ್ದರೆ ಇಬ್ಬರ ತಾರೀಕು, ತಿಂಗಳು ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು. ತಾರೀಕಿನ ಅಂಕಿಗಳನ್ನು ಕೂಡಿ ಕೂಡಿ ಒಂದಂಕಿಗೆ ಇಳಿಸಿದರೆ ಉಳಿಯುವುದು ಒಂಬತ್ತೇ ಮನೆ; ಅಲ್ಲಿ ಜೋಡಿ ಸಿಗದಿದ್ದರೇ ಆಶ್ಚರ್ಯ.

ಹೆಸರಿನ ವಿಷಯ ಹಾಗಲ್ಲ. ಆ ‘ಕೆ’ ಆಕಸ್ಮಿಕವಲ್ಲವೇ ಅಲ್ಲ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಮತ್ತು ಇಬ್ಬರದೂ ಕೊಡಂದೇರ ಮನೆತನ. ದೇವಯ್ಯನವರ ‘ಎ’ ಎಂದರೆ ಅಜ್ಜಮಾಡ. ಹೊಂದಿಕೆ ಕಂಡಾಗ ಹೀಗೆ ಕಾರಣ ಕೇಳಿ. ಕಾರಣ ಇದ್ದರೆ ಐನ್‌ಮನೆಯ (ಮನೆತನದ ಮೂಲಮನೆಯ) ಹಿರಿಯರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಮಗಳು ಈಗ ನಮ್ಮ ಮನೆಯವರದ್ದೇ ಪಟ್ಟಿ ಮಾಡುತ್ತಿದ್ದಾಳೆ. ಮುತ್ತಾತನ ಸಾಲಿಗೆ ಬಂದು ನಿಂತಿದೆ. ಅವರು ತೀರಿಕೊಂಡಿದ್ದು ‘ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಕಳೆದ ವಾರ’ ಎಂಬುದಷ್ಟೇ ನಮಗೆಲ್ಲ ಗೊತ್ತು. ಆ ಖಾನೆಯನ್ನು ಖಾಲಿ ಬಿಟ್ಟಿದ್ದಾಳೆ.