ಮೌಸ್ ಮುಟ್ಟದೆ ಕರ್ಸರ್ ಓಡಿಸಲು ಲ್ಯಾಪ್‌ಟಾಪ್ ಕ್ಯಾಮೆರಾ ಸಾಕು

ಕೈ ಸನ್ನೆಯಿಂದಲೇ ಕಂಪ್ಯೂಟರ್ ನಡೆಸಲು 2010ರ ಕೈನೆಕ್ಟ್, 2013ರ ಲೀಪ್ ಮೋಷನ್‌ನಂಥ ಪ್ರತ್ಯೇಕ ಇನ್‌ಫ್ರಾರೆಡ್ ಸಾಧನ ಬೇಕಿತ್ತು. ಈಗ ಮಾಮೂಲಿ ವೆಬ್‌ಕ್ಯಾಮ್ ಸಾಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡು, ಅದರ ಇಳಿಸುವ ಸಾಧನವಾದ ಪಿಪ್ ಮೂಲಕ ಓಪನ್‌ಸಿವಿ (ಕ್ಯಾಮೆರಾ ಚಿತ್ರ ಓದಲು), ಮೀಡಿಯಾಪೈಪ್ (ಕೈ ಗುರುತಿಸಲು), ಪೈಆಟೋಗುಯಿ (ಕರ್ಸರ್ ಓಡಿಸಲು) ಇಳಿಸಿಕೊಳ್ಳಿ. ಪೈಥಾನ್ ತೀರಾ ಹೊಸದಾದರೆ ಮೀಡಿಯಾಪೈಪ್ ಕೂರದೇ ಇರಬಹುದು. ಒಂದೆರಡು ಆವೃತ್ತಿ ಹಿಂದಿನದೇ ವಾಸಿ.

ಕ್ಯಾಮೆರಾ ಚಿತ್ರ 640×480 ಪಿಕ್ಸೆಲ್ ಇರಲಿ. ಅದನ್ನು ಎಡಬಲ ಅದಲುಬದಲು ಮಾಡಿ, ಇಲ್ಲದಿದ್ದರೆ ಕೈ ಬಲಕ್ಕೆ ಹೋದಾಗ ಕರ್ಸರ್ ಎಡಕ್ಕೆ ಓಡುತ್ತದೆ. ಓಪನ್‌ಸಿವಿ ಬಣ್ಣಗಳನ್ನು ಬಿಜಿಆರ್ (ನೀಲಿ, ಹಸಿರು, ಕೆಂಪು) ಕ್ರಮದಲ್ಲಿ ಕೊಡುತ್ತದೆ; ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ) ಬದಲಿಸಿಯೇ ಮೀಡಿಯಾಪೈಪ್‌ಗೆ ಕೊಡಿ. ಅದು ಕೈಯಲ್ಲಿ 21 ಬಿಂದು ಗುರುತಿಸುತ್ತದೆ. ಅವುಗಳಲ್ಲಿ ಸಂಖ್ಯೆ 8 ತೋರುಬೆರಳ ತುದಿ, 4 ಹೆಬ್ಬೆರಳ ತುದಿ. 8ರ ಜೊತೆ ಕರ್ಸರ್ ಓಡಲಿ, ಎರಡೂ ತಾಗಿದರೆ ಕ್ಲಿಕ್.

ಎಲ್ಲರೂ ಎಡವುವುದು ಈ ಕ್ಲಿಕ್‌ನಲ್ಲೇ. ಎರಡು ತುದಿಗಳ ಅಂತರವನ್ನು ಬರೀ ಪಿಕ್ಸೆಲ್‌ನಲ್ಲಿ ಅಳೆದರೆ, ಕೈ ಹಿಂದೆ ಸರಿದಾಗ ಬೆರಳು ತಾಗದೆಯೂ ಕ್ಲಿಕ್ ಆಗುತ್ತದೆ. ಮಣಿಕಟ್ಟು (0) ಮತ್ತು ನಡುಬೆರಳ ಬುಡದ (9) ನಡುವಿನ ಅಂತರದಿಂದ ಅದನ್ನು ಭಾಗಿಸಿ. ಉತ್ತರ 0.25ಕ್ಕಿಂತ ಇಳಿದರೆ ಬಟನ್ ಒತ್ತಿಸಿ, 0.35 ದಾಟಿದ ಮೇಲೆಯೇ ಬಿಡಿಸಿ. ಒಂದೇ ಮಿತಿ ಇಟ್ಟರೆ ಒಂದು ಚಿವುಟಿಗೆ ನಾಲ್ಕು ಕ್ಲಿಕ್ ಬೀಳುತ್ತವೆ. ಈ ಅಂಕಿಗಳನ್ನು ನಿಮ್ಮ ಕೈಗೆ ತಕ್ಕಂತೆ ತುಸು ತಿದ್ದಿಕೊಳ್ಳಿ.

ಕರ್ಸರ್ ನಡುಗಿದರೆ ಹಳೆಯ ಸ್ಥಾನ 70%, ಹೊಸದು 30% ಬೆರೆಸಿ. ಎಳೆದೆಳೆದು ಓಡಿದರೆ, ಪೈಆಟೋಗುಯಿ ಪ್ರತಿ ಆಜ್ಞೆಯ ನಂತರ ಕಾಯುವ 0.1 ಸೆಕೆಂಡನ್ನು ಸೊನ್ನೆ ಮಾಡಿ. ಕರ್ಸರ್ ಪರದೆಯ ಮೂಲೆ ಮುಟ್ಟಿದೊಡನೆ ಪ್ರೋಗ್ರಾಂ ನಿಲ್ಲುವುದು ಅದರ ಸುರಕ್ಷಾ ಏರ್ಪಾಡು; ಕರ್ಸರನ್ನು ಅಂಚಿಗೆ 5 ಪಿಕ್ಸೆಲ್ ಇರುವಾಗಲೇ ತಡೆಯಿರಿ.

ಮೊಣಕೈ ಮೇಜಿನ ಮೇಲಿರಲಿ. ತೋಳು ಗಾಳಿಯಲ್ಲೇ ಇದ್ದರೆ ಭುಜ ಬೇಗ ಸೋಲುತ್ತದೆ. ಹಾಗಾಗಿ ಇದು ಸ್ಲೈಡ್ ಬದಲಿಸಲು, ಹಿಟ್ಟಿನ ಕೈಯಲ್ಲಿ ಅಡುಗೆ ವಿಡಿಯೊ ನಿಲ್ಲಿಸಲು ಸರಿ; ದಿನವಿಡೀ ಎಕ್ಸೆಲ್‌ಗೆ ಮೌಸೇ ಇರಲಿ.