ಔಷಧಿ ಹೊಡೆಯೋದು ಬಿಟ್ಟ ಮೇಲೆ ತೋಟದಲ್ಲಿ ನಾನು ಕಂಡಿದ್ದು

ಗಿಡದ ರಸ ಹೀರುವ ಹೇನು ಕಂಡ ಕೂಡಲೇ ಔಷಧಿ ಹೊಡೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ನಾಲ್ಕು ದಿನ ಗಿಡ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಮತ್ತೆ ಹೇನು, ಜೊತೆಗೆ ಎಲೆಯಡಿ ಮೊದಲಿಲ್ಲದ ಕೆಂಪು ನುಸಿ ಬೇರೆ.

ಕಾರಣ ತಿಳಿಯಲು ಬಹಳ ದಿನ ಬೇಕಾಯಿತು. ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೂ ಮರಿ ಹಾಕಲು ಶುರು ಮಾಡುತ್ತದೆ. ಹೇನು, ನುಸಿ ತಿಂದು ಬದುಕುವ ಹುಳುಗಳು ಇಷ್ಟು ಬೇಗ ಹೆಚ್ಚುವುದಿಲ್ಲ. ಔಷಧಿಗೆ ಎರಡೂ ಸಾಯುತ್ತವೆ, ಆದರೆ ಮೊದಲು ಚೇತರಿಸಿಕೊಳ್ಳುವುದು ಹೇನೇ.

ಹಾಗಾಗಿ ಪೂರ್ತಿ ನಿಲ್ಲಿಸಿದೆ. ಮೊದಲ ಎರಡು ಮೂರು ವಾರ ನಿಜಕ್ಕೂ ಕಷ್ಟ. ಹುರುಳಿಕಾಯಿ ಕುಡಿಗಳೆಲ್ಲ ಹೇನು ಮುತ್ತಿ ಕಪ್ಪಾದವು. ತೀರಾ ಕೆಟ್ಟ ಕುಡಿ ಚಿವುಟಿದೆ, ಉಳಿದವಕ್ಕೆ ಜೋರಾಗಿ ನೀರು ಹಾಯಿಸಿದೆ, ಅಷ್ಟೇ. ಆಮೇಲೆ ಒಂದು ದಿನ ಎಲೆ ಮೇಲೆ ಮೊಸಳೆ ಆಕಾರದ ಕಪ್ಪು ಹುಳು, ಮೈಮೇಲೆ ಕಿತ್ತಳೆ ಚುಕ್ಕೆ. ಅಂಥದ್ದನ್ನು ನಾನು ಎಷ್ಟೋ ಸಲ ಹೊಸಕಿ ಹಾಕಿದ್ದೆ. ಅದು ಗುಲಗಂಜಿ ಹುಳದ ಮರಿ, ಹೇನೇ ಅದರ ಊಟ! ಒಣ ಕಾಳಿನ ಹಾಗೆ ಉಬ್ಬಿ ಕಂದು ಬಣ್ಣವಾದ ಹೇನುಗಳೂ ಸಿಕ್ಕವು. ತೀರಾ ಚಿಕ್ಕ ಕಣಜದ ಹುಳುವೊಂದು ಹೇನಿನೊಳಗೆ ಮೊಟ್ಟೆ ಇಟ್ಟಿರುತ್ತದೆ, ಮರಿ ಒಳಗಿಂದಲೇ ತಿಂದು, ಕಣಜವಾದ ಮೇಲೆ ದುಂಡು ತೂತು ಮಾಡಿ ಹೊರಬರುತ್ತದೆ. ಅಂಥ ಎಲೆ ದಯವಿಟ್ಟು ಕೀಳಬೇಡಿ.

ಈ ಕಣಜಕ್ಕೂ, ಮರಿಯಾಗಿದ್ದಾಗ ಹೇನು ತಿನ್ನುವ ಸಿರ್ಫಿಡ್ ಎಂಬ ನೊಣಕ್ಕೂ ದೊಡ್ಡವಾದ ಮೇಲೆ ಬೇಕಾಗುವುದು ಮಕರಂದ. ಹೇನು ತಿನ್ನುವ ಮರಿ ಬೇಕು ಅಂದರೆ ತಾಯಿಗೆ ಹೂವು ಬೇಕು, ಅಲ್ವಾ? ಅವುಗಳ ಬಾಯಿ ಚಿಕ್ಕದು, ಆಳದ ಹೂವು ಆಗಿಬರುವುದಿಲ್ಲ. ಅದಕ್ಕೇ ಕೊತ್ತಂಬರಿ, ಸಬ್ಬಸಿಗೆ ಒಂದಷ್ಟನ್ನು ಕೀಳದೆ ಹೂ ಬಿಡಲು ಬಿಡುತ್ತೇನೆ.

ಬಿಸಿಲು ಬೀಳುವ ಒಂದು ಮೂಲೆಯನ್ನು ಅಗೆಯುವುದೂ ಇಲ್ಲ, ತರಗೆಲೆ ಹೊದಿಸುವುದೂ ಇಲ್ಲ. ಜಗತ್ತಿನಲ್ಲಿ ಜೇನ್ನೊಣ ಮತ್ತು ಅದರ ಬಳಗದ ಸುಮಾರು 20,000 ಜಾತಿಗಳಿವೆ, ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ, ನೆಲದೊಳಗೆ ಬಿಲ ತೋಡಿ ಮೊಟ್ಟೆ ಇಡುವವೇ ಜಾಸ್ತಿ. ನೋಡುವವರಿಗೆ ಅದು ಬರೀ ಖಾಲಿ ಮಣ್ಣು. ನನಗೆ ತೋಟದಲ್ಲಿ ಅದಕ್ಕಿಂತ ಮುಖ್ಯ ಜಾಗ ಇನ್ನೊಂದಿಲ್ಲ.

ಬೀಜದ ವಿಷಯದಲ್ಲೂ ಬದಲಾದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಂತು. ಬಡವರು ಬಹುಪಾಲು ಬೆಳೆಯುತ್ತಿದ್ದುದು ಲಂಪರ್ ಎಂಬ ಒಂದೇ ತಳಿ. ಗಡ್ಡೆಯಿಂದಲೇ ಬೆಳೆಸುವುದರಿಂದ ಗಿಡಗಳೆಲ್ಲ ಒಂದೇ ಅಚ್ಚಿನವು, ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ. ಆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇದನ್ನು ಓದಿದ ಮೇಲೆ ಹುರುಳಿಕಾಯಿಯಲ್ಲಿ ನಾಲ್ಕು ತಳಿ ಹಾಕುತ್ತಿದ್ದೇನೆ. ಒಂದು ವರ್ಷ ತುಕ್ಕು ರೋಗಕ್ಕೆ ಎರಡು ಪೂರ್ತಿ ಹೋದವು, ಎರಡು ನಿಂತವು. ನಿಂತವುಗಳ ಬೀಜ ಎತ್ತಿಟ್ಟೆ. ಹೋದವುಗಳ ಹಳೇ ಬೀಜವನ್ನೂ ಬಿಸಾಡಲಿಲ್ಲ, ಮುಂದೆ ಬೇರೆ ರೋಗ ಬಂದಾಗ ಯಾವುದು ನಿಲ್ಲುತ್ತದೋ ಈಗಲೇ ಹೇಳಲಾಗದು.

ಎಲೆಕೋಸು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಬೆಳಗ್ಗೆ ಎದ್ದು ಕಂಬಳಿಹುಳು ಕೈಯಿಂದಲೇ ಆರಿಸುತ್ತೇನೆ. ಯಾವುದಾದರೂ ಹುಳುವಿನ ಪಕ್ಕ ಅಕ್ಕಿಕಾಳಿನಂಥ ಹಳದಿ ಗೂಡುಗಳ ಗೊಂಚಲು ಇದ್ದರೆ ಅದನ್ನು ಮುಟ್ಟದೆ ಬಿಡುತ್ತೇನೆ. ಅದರಿಂದ ಹೊರಬರುವುದೂ ಕಣಜವೇ.