ಬಯೋಐಡೆಂಟಿಕಲ್ ಹಾರ್ಮೋನ್ ತಗೊಳ್ಳಬೇಕಾ? ತೂಗಿ ನೋಡುವುದು ಹೀಗೆ

ನಾನು ಫಾರ್ಮಾಸಿಸ್ಟ್. ಔಷಧದ ಕೌಂಟರಿನ ಹಿಂದೆ ನಿಂತೇ ಅರ್ಧ ಆಯಸ್ಸು ಕಳೆದಿದ್ದೇನೆ. ನನಗೂ ಮುಟ್ಟು ನಿಂತಿದೆ. ಮೈಗೆ ಈಸ್ಟ್ರೋಜನ್ ಪ್ಯಾಚ್ ಅಂಟಿಸಿಕೊಳ್ಳುತ್ತೇನೆ, ರಾತ್ರಿ ಮಲಗುವ ಮುಂಚೆ ಒಂದು ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ನುಂಗುತ್ತೇನೆ. ನನ್ನ ವಯಸ್ಸಿನ ಹೆಂಗಸರು ಕೌಂಟರಿಗೆ ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುವುದು ಇದನ್ನೇ: "ಬಯೋಐಡೆಂಟಿಕಲ್ ಅಂತಾರಲ್ಲ, ಅದು ನ್ಯಾಚುರಲ್ ಅಂತೆ, ಸೈಡ್ ಎಫೆಕ್ಟೇ ಇಲ್ಲವಂತೆ, ಹೌದಾ?"

ಬಯೋಐಡೆಂಟಿಕಲ್ ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್‌ನಂಥ ನಮ್ಮ ಅಂಡಾಶಯದ ಹಾರ್ಮೋನಿನದ್ದೇ ಅಣು ಇರುವ ಔಷಧ. ಆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರಾಟವಾಗುತ್ತವೆ. ಒಂದನ್ನು ನಾನೇ ತಗೊಳ್ಳುತ್ತೇನೆ. ಇನ್ನೊಂದನ್ನು ನನ್ನ ತಂಗಿ ಕೇಳಿದಾಗ ಬೇಡ ಅಂದೆ.

ಅದಕ್ಕೂ ಮುಂಚೆ, ನಿಮ್ಮ ತೊಂದರೆ ಏನು ಅಂತ ಬರೆದಿಡಿ. ಇದ್ದಕ್ಕಿದ್ದಂತೆ ಬಿಸಿ ಏರಿ ಬೆವರುವುದಾ? ರಾತ್ರಿ ನಿದ್ದೆ ಕೆಡುವುದಾ? ಯೋನಿ ಒಣಗಿ ಉರಿಯುವುದಾ? ದಿನಕ್ಕೆ ಎಷ್ಟು ಸಲ, ಅದರಿಂದ ಏನು ಕೆಲಸ ಕೆಟ್ಟಿತು, ಎಲ್ಲಾ ಎರಡು ವಾರ ಬರೆಯಿರಿ. ಬಿಸಿ ಏರುವುದೇ ಮುಖ್ಯ ತೊಂದರೆಯಾದರೆ ಈಸ್ಟ್ರೋಜನ್‌ನಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧ ಬೇರೆ ಇಲ್ಲ. ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಬರೀ ಯೋನಿಯ ಉರಿ, ಒಣಗುವಿಕೆ ಇದ್ದರೆ ಮೈಗೆಲ್ಲಾ ಹಾರ್ಮೋನ್ ಯಾಕೆ? ಅಲ್ಲಿಗೇ ಹಚ್ಚುವ ಕಡಿಮೆ ಡೋಸಿನ ಈಸ್ಟ್ರೋಜನ್ ಕ್ರೀಮ್ ಅಥವಾ ಅಲ್ಲೇ ಇಡುವ ಮಾತ್ರೆ ಸಾಕು. ಅದರಿಂದ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ತೂಕ ಇಳಿಯಲಿ, ಚರ್ಮ ಹೊಳೆಯಲಿ, ವಯಸ್ಸು ನಿಲ್ಲಲಿ ಅಂತ ಕೇಳುವವರಿಗೆ ಹಾರ್ಮೋನ್ ಮದ್ದಲ್ಲ. ಹಾಗಂತ ಯಾರಾದರೂ ಮಾರಿದರೆ ಅಲ್ಲೇ ಎದ್ದು ಬನ್ನಿ. ಇನ್ನೊಂದು ಮಾತು: ಥೈರಾಯ್ಡ್ ಜಾಸ್ತಿಯಾದರೂ ಬೆವರು, ಎದೆಬಡಿತ, ನಿದ್ದೆಗೇಡು ಎಲ್ಲಾ ಬರುತ್ತವೆ. ಎಲ್ಲದಕ್ಕೂ ಮೆನೋಪಾಸ್ ಮೇಲೆ ತಪ್ಪು ಹಾಕಬೇಡಿ.

ಈಗ ಆ ಎರಡು ಸರಕಿನ ವಿಷಯ. ನಮ್ಮ ಅಂಡಾಶಯ ತಯಾರಿಸುತ್ತಿದ್ದ ಮುಖ್ಯ ಈಸ್ಟ್ರೋಜನ್ ಹೆಸರು ಎಸ್ಟ್ರಾಡಿಯೋಲ್. ಅಣು ಅಣುವೂ ಅದೇ ಆಗಿರುವ ಎಸ್ಟ್ರಾಡಿಯೋಲ್ ಪ್ಯಾಚ್, ಜೆಲ್, ಮಾತ್ರೆಯಾಗಿ ದೊಡ್ಡ ಕಂಪನಿಗಳಿಂದ ಬರುತ್ತದೆ. ಮೈಕ್ರೊನೈಸ್ಡ್, ಅಂದರೆ ತುಂಬಾ ನುಣ್ಣಗೆ ಪುಡಿ ಮಾಡಿದ, ಪ್ರೊಜೆಸ್ಟರಾನ್ ಕ್ಯಾಪ್ಸೂಲೂ ಹಾಗೆಯೇ. ಇವೂ ಬಯೋಐಡೆಂಟಿಕಲ್ಲೇ. ವ್ಯತ್ಯಾಸ ಇಷ್ಟು: ಇವುಗಳನ್ನು ಸರ್ಕಾರದ ಔಷಧ ನಿಯಂತ್ರಕರು ಪರೀಕ್ಷಿಸಿ ಒಪ್ಪಿರುತ್ತಾರೆ. ಇಂದಿನ ಪ್ಯಾಚಿನಲ್ಲೂ ಮುಂದಿನ ತಿಂಗಳ ಪ್ಯಾಚಿನಲ್ಲೂ ಔಷಧ ಅಷ್ಟೇ ಇರುತ್ತದೆ. ನಾನು ತಗೊಳ್ಳುವುದು ಇದನ್ನು.

ಎರಡನೆಯದು "ನಿಮಗಾಗಿಯೇ" ಅಂತ ಡಾಕ್ಟರ ಒಂದೊಂದು ಚೀಟಿಗೆ ತಕ್ಕಂತೆ ಫಾರ್ಮಸಿಯಲ್ಲಿ ಬೆರೆಸಿಕೊಡುವ ಕ್ರೀಮ್, ಕ್ಯಾಪ್ಸೂಲ್, ಚರ್ಮದ ಕೆಳಗೆ ಹುದುಗಿಸುವ ಪೆಲೆಟ್ ಎಂಬ ಪುಟ್ಟ ಗುಳಿಗೆ. ಎಷ್ಟೋ ಸಲ ಇದರಲ್ಲಿ ಎಸ್ಟ್ರಿಯೋಲ್ ಎಂಬ ದುರ್ಬಲ ಈಸ್ಟ್ರೋಜನ್ ಎಂಬತ್ತು ಪಾಲು, ಎಸ್ಟ್ರಾಡಿಯೋಲ್ ಇಪ್ಪತ್ತು ಪಾಲು ಇರುತ್ತದೆ. ಈ ಬೆರಕೆಯನ್ನು ಯಾವ ನಿಯಂತ್ರಕರೂ ಮಾರಾಟಕ್ಕೆ ಮುಂಚೆ ಪರೀಕ್ಷಿಸಿರುವುದಿಲ್ಲ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇಂಥ ಏಳು ಫಾರ್ಮಸಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಅವರು ಹೇಳಿಕೊಳ್ಳುತ್ತಿದ್ದ ಗುಣಗಳಿಗೆ ಆಧಾರವಿಲ್ಲ ಎಂದಿತು. 2020ರಲ್ಲಿ ಅಲ್ಲಿನ ನ್ಯಾಷನಲ್ ಅಕಾಡೆಮೀಸ್ ತಜ್ಞರು ಇದನ್ನೆಲ್ಲಾ ಜಾಲಾಡಿ, ಒಪ್ಪಿಗೆ ಪಡೆದ ಔಷಧದ ಯಾವುದಾದರೂ ಅಂಶಕ್ಕೆ ಅಲರ್ಜಿ ಇದ್ದರೆ ಅಥವಾ ಬೇಕಾದ ರೂಪದಲ್ಲಿ ಅದು ಸಿಗದಿದ್ದರೆ ಮಾತ್ರ ಬೆರೆಸಿದ್ದು ಸರಿ ಎಂದರು. ಇದು ನ್ಯಾಯವಾದ ಮಾತು. ಕೆಲವು ಪ್ರೊಜೆಸ್ಟರಾನ್ ಕ್ಯಾಪ್ಸೂಲಿನಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ. ಕಡಲೆಕಾಯಿ ಅಲರ್ಜಿ ಇರುವವರು ಏನು ಮಾಡಬೇಕು? ಅಂಥವರಿಗೆ ಬೆರೆಸಿಕೊಡುವುದು ನನ್ನ ಕಸುಬಿನ ಒಳ್ಳೆಯ ಬಳಕೆ.

"ಆದರೆ ಅದು ಗೆಣಸಿನಿಂದ ಮಾಡಿದ್ದಂತೆ!" ಎನ್ನುತ್ತಾರೆ. ಎರಡೂ ಸರಕಿಗೆ ಮೂಲ ಕಾಡುಗೆಣಸು, ಸೋಯಾದಂಥ ಗಿಡಗಳಲ್ಲಿರುವ ವಸ್ತುವೇ. ಅದನ್ನು ಹಾರ್ಮೋನ್ ಆಗಿ ಮಾರ್ಪಡಿಸುವುದು ಲ್ಯಾಬಿನಲ್ಲಿ. ಕಾಡುಗೆಣಸಿನ ಕ್ರೀಮ್ ಮೈಗೆ ಹಚ್ಚಿಕೊಂಡರೆ ಅದನ್ನು ಈಸ್ಟ್ರೋಜನ್ ಮಾಡಿಕೊಳ್ಳುವ ಶಕ್ತಿ ನಮ್ಮ ದೇಹಕ್ಕಿಲ್ಲ.

ಜೊಲ್ಲು ಪರೀಕ್ಷೆ ಮಾಡಿ ನಿಮ್ಮ ಹಾರ್ಮೋನ್‌ಗೆ ತಕ್ಕ ಡೋಸ್ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಜೊಲ್ಲಿನಲ್ಲಿ ಸಿಗುವ ಅಂಕಿ ಗಂಟೆಗೊಂದು ಥರ, ದಿನಕ್ಕೊಂದು ಥರ. ಅದಕ್ಕೂ ನಿಮ್ಮ ತೊಂದರೆಗೂ ತಾಳೆಯಾಗುವುದಿಲ್ಲ. ಡೋಸ್ ನಿರ್ಧರಿಸಬೇಕಾದದ್ದು ನೀವು ಬರೆದಿಟ್ಟ ಆ ಎರಡು ವಾರದ ಪಟ್ಟಿ ನೋಡಿ.

ಪೆಲೆಟ್ ಬಗ್ಗೆ ನಾನು ಸ್ವಲ್ಪ ಗಟ್ಟಿ ಮಾತಾಡುತ್ತೇನೆ. ಒಮ್ಮೆ ಒಳಗೆ ಹೋದರೆ ಮೂರರಿಂದ ಆರು ತಿಂಗಳು ಅದು ತನ್ನ ಪಾಡಿಗೆ ಹಾರ್ಮೋನ್ ಬಿಡುತ್ತಿರುತ್ತದೆ. ಡೋಸ್ ಜಾಸ್ತಿಯಾಯಿತು ಅಂತ ಗೊತ್ತಾದರೂ ಸುಲಭಕ್ಕೆ ಹೊರಗೆ ತೆಗೆಯಲಾಗುವುದಿಲ್ಲ. ಪ್ಯಾಚ್ ಸರಿಹೋಗದಿದ್ದರೆ ಕಿತ್ತು ಬಿಸಾಕಬಹುದು. ಈ ಒಂದು ಕಾರಣಕ್ಕೇ ಪೆಲೆಟ್ ಬೇಡ ಅನ್ನುತ್ತೇನೆ.

ಇನ್ನು ಅಪಾಯದ ಲೆಕ್ಕ. ಹಾರ್ಮೋನ್ ಅಂದರೆ ಕ್ಯಾನ್ಸರ್ ಎಂಬ ಹೆದರಿಕೆ ಎಲ್ಲರ ಬಾಯಿಗೂ ಬಂದದ್ದು 2002ರ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಿಂದ. 16,608 ಹೆಂಗಸರು ಅದರಲ್ಲಿದ್ದರು. ಔಷಧ ತಗೊಂಡವರಲ್ಲಿ ವರ್ಷಕ್ಕೆ 10,000 ಜನರಿಗೆ 38 ಸ್ತನ ಕ್ಯಾನ್ಸರ್, ಸುಳ್ಳು ಮಾತ್ರೆ ತಗೊಂಡವರಲ್ಲಿ 30. ಅಂದರೆ ಎಂಟು ಜಾಸ್ತಿ. ಪಾರ್ಶ್ವವಾಯುವೂ ಎಂಟು ಜಾಸ್ತಿ. ಸೊಂಟದ ಮೂಳೆ ಮುರಿದದ್ದು ಮಾತ್ರ ಐದು ಕಡಿಮೆ. ಪತ್ರಿಕೆಗಳು ದೊಡ್ಡದಾಗಿ ಬರೆಯದ ಎರಡು ವಿಷಯ ಇಲ್ಲಿವೆ. ಆ ಹೆಂಗಸರ ಸರಾಸರಿ ವಯಸ್ಸು 63. ಅವರಿಗೆ ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಸಿಂಥೆಟಿಕ್ ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಥರ ಕೆಲಸ ಮಾಡುವ ಆದರೆ ಅಣು ಬೇರೆಯಾದ ಔಷಧ. ಅರವತ್ತರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ಆಗಿರದ, ಬೇರೆ ಕಾಯಿಲೆ ಇಲ್ಲದ ಹೆಂಗಸಿಗೆ ತೊಂದರೆ ನಿಜಕ್ಕೂ ಜಾಸ್ತಿ ಇದ್ದರೆ, ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ಅಭಿಪ್ರಾಯ.

ಹಾಗಾದರೆ ಬಯೋಐಡೆಂಟಿಕಲ್ ಸೇಫಾ? ಫ್ರಾನ್ಸಿನಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇ3ಎನ್ ಅಧ್ಯಯನದಲ್ಲಿ, ಸಿಂಥೆಟಿಕ್ ಪ್ರೊಜೆಸ್ಟಿನ್‌ಗಿಂತ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆ ಕಂಡಿತು. ಒಳ್ಳೆಯ ಸುಳಿವು. ಆದರೆ ಅದು ಜನರನ್ನು ನೋಡುತ್ತಾ ಹೋದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿ ಹೋಲಿಸಿದ್ದಲ್ಲ. ಸೈಡ್ ಎಫೆಕ್ಟೇ ಇಲ್ಲ ಅನ್ನಲು ಅಷ್ಟು ಸಾಲದು. ಬೆರೆಸಿದ ಕ್ರೀಮಿನ ಡಬ್ಬಿಯಲ್ಲಿ ಎಚ್ಚರಿಕೆಯ ಚೀಟಿ ಇರುವುದಿಲ್ಲ ಅಂತ ಅಪಾಯವೂ ಇಲ್ಲ ಎಂದುಕೊಳ್ಳುತ್ತಾರಲ್ಲ, ಅದನ್ನು ಕೇಳಿದರೆ ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಚೀಟಿ ಹಾಕಲೇಬೇಕು ಎಂಬ ಕಟ್ಟುಪಾಡು ಅವರಿಗಿಲ್ಲ, ಅಷ್ಟೇ.

ಯಾವ ದಾರಿಯಲ್ಲಿ ಒಳಗೆ ಹೋಗುತ್ತದೆ ಎಂಬುದೂ ಮುಖ್ಯ. ನುಂಗಿದ ಈಸ್ಟ್ರೋಜನ್ ಮೊದಲು ಲಿವರಿಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಅಲ್ಲಿ ಜಾಸ್ತಿ ಮಾಡುತ್ತದೆ. ಪ್ಯಾಚ್, ಜೆಲ್ ಚರ್ಮದಿಂದ ನೇರ ರಕ್ತಕ್ಕೆ ಸೇರುತ್ತವೆ. ಅದಕ್ಕೇ ಇವುಗಳಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ದಪ್ಪ ಇರುವವರು, ಸಿಗರೇಟು ಸೇದುವವರು, ಮೈಗ್ರೇನ್ ಇರುವವರು ಪ್ಯಾಚ್ ಬಗ್ಗೆಯೇ ಡಾಕ್ಟರನ್ನು ಕೇಳಿ.

ಗರ್ಭಕೋಶ ಇದೆಯಾ? ಹಾಗಿದ್ದರೆ ಈಸ್ಟ್ರೋಜನ್ ಒಂದನ್ನೇ ಯಾವತ್ತೂ ತಗೊಳ್ಳಬೇಡಿ. ಮೇಲೆ ಹೇಳಿದ, ಯೋನಿಗಷ್ಟೇ ಹಚ್ಚುವ ಕಡಿಮೆ ಡೋಸಿಗೆ ಮಾತ್ರ ಈ ನಿಯಮ ಇಲ್ಲ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ತಡೆಯುವ ಪ್ರೊಜೆಸ್ಟರಾನ್ ಇಲ್ಲದಿದ್ದರೆ ಅದು ಕ್ಯಾನ್ಸರಿಗೂ ತಿರುಗಬಹುದು. ಹಚ್ಚಿಕೊಳ್ಳುವ ಪ್ರೊಜೆಸ್ಟರಾನ್ ಕ್ರೀಮ್ ಇದಕ್ಕೆ ಸಾಲದು. ಬೆರೆಸಿದ ಔಷಧದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಇಲ್ಲೇ: ಈಸ್ಟ್ರೋಜನ್ ಚೆನ್ನಾಗಿ ಒಳಗೆ ಹೋಗುತ್ತದೆ, ಕಾಪಾಡಬೇಕಾದ ಪ್ರೊಜೆಸ್ಟರಾನ್ ಸಾಕಷ್ಟು ಹೋಗುವುದಿಲ್ಲ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಕೊಡುವುದು ದಿನಾ 100 ಮಿ.ಗ್ರಾಂ ಕ್ಯಾಪ್ಸೂಲ್, ಇಲ್ಲವೇ ತಿಂಗಳಲ್ಲಿ 12 ದಿನ 200 ಮಿ.ಗ್ರಾಂ. ತಗೊಂಡರೆ ನಿದ್ದೆ ಬರುತ್ತದೆ, ಅದಕ್ಕೇ ರಾತ್ರಿ. ನಿದ್ದೆಗೆಟ್ಟವರಿಗೆ ಇದೇ ಲಾಭ.

ಸ್ತನ ಕ್ಯಾನ್ಸರ್ ಬಂದವರು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಮೈಗೆಲ್ಲಾ ಸೇರುವ ಹಾರ್ಮೋನ್ ಅನ್ನು ತಾವಾಗಿಯೇ ಶುರು ಮಾಡುವ ಯೋಚನೆಯನ್ನೂ ಮಾಡಬೇಡಿ. ಬಿಸಿ ಏರುವುದಕ್ಕೆ ಇವರಿಗೆ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಹಾರ್ಮೋನ್ ಇಲ್ಲದ ಮಾತ್ರೆಗಳಿವೆ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆಜೋಲಿನೆಟಂಟ್ ಕೂಡ ಇದೆ, ಅದಕ್ಕೆ ಲಿವರ್ ಪರೀಕ್ಷೆ ಬೇಕಾಗುತ್ತದೆ. ನಲವತ್ತರೊಳಗೇ ಮುಟ್ಟು ನಿಂತವರ ಲೆಕ್ಕ ಬೇರೆ. ಮೂಳೆ, ಹೃದಯ ಉಳಿಯಲು ಅವರು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ತಗೊಳ್ಳುವುದೇ ಒಳ್ಳೆಯದು.

ಡಾಕ್ಟರ ಹತ್ತಿರ ಹೋದಾಗ ಸುಮ್ನೆ ತಲೆಯಾಡಿಸಿ ಬರಬೇಡಿ. ಇದರಲ್ಲಿ ಯಾವ ಹಾರ್ಮೋನ್ ಇದೆ, ಎಷ್ಟು ಮಿಲಿಗ್ರಾಂ, ಒಪ್ಪಿಗೆ ಪಡೆದ ಔಷಧವಾ, ನನ್ನ ಗರ್ಭಕೋಶ ಕಾಪಾಡುವುದು ಯಾವುದು, ಸರಿಹೋಗದಿದ್ದರೆ ನಿಲ್ಲಿಸುವುದು ಹೇಗೆ ಅಂತ ಕೇಳಿ. ಬೆರೆಸಿದ್ದನ್ನೇ ಬರೆದುಕೊಟ್ಟರೆ, ರೆಡಿಯಾಗಿ ಸಿಗುವುದು ನನಗೆ ಯಾಕೆ ಆಗುವುದಿಲ್ಲ ಅಂತ ಕೇಳಿ. ಕಾರಣ ಹೇಳಲು ತಡವರಿಸಿದರೆ ಇನ್ನೊಬ್ಬ ಡಾಕ್ಟರನ್ನು ನೋಡಿ.

ಶುರು ಮಾಡಿದ ಮೇಲೆ ಪ್ಯಾಚನ್ನು ಹೊಟ್ಟೆಯ ಕೆಳಭಾಗಕ್ಕೋ ಪಿರ್ರೆಗೋ ಅಂಟಿಸಿ, ಸ್ತನದ ಮೇಲೆ ಬೇಡ. ಪ್ರತಿ ಸಲ ಜಾಗ ಬದಲಿಸಿ. ಜೆಲ್ ಹಚ್ಚಿದವರು ಅದು ಒಣಗುವ ತನಕ ಮಗುವನ್ನು ಎತ್ತಿಕೊಳ್ಳಬೇಡಿ, ಅದರ ಚರ್ಮಕ್ಕೂ ಹತ್ತುತ್ತದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಈಸ್ಟ್ರೋಜನ್ ನುಂಗಲು ಶುರು ಮಾಡಿದರೆ ಥೈರಾಯ್ಡ್ ಡೋಸ್ ಮತ್ತೆ ನೋಡಿಸಿ. ಮೂರು ತಿಂಗಳಾದ ಮೇಲೆ ಒಂದು ಸಲ ಡಾಕ್ಟರಿಗೆ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಮ್ಯಾಮೊಗ್ರಾಂ ವಿಷಯ ಮಾತಾಡಿ. ಮೊದಲ ಕೆಲವು ತಿಂಗಳು ಸ್ವಲ್ಪ ರಕ್ತ ಕಾಣಬಹುದು. ಆರು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಶುರುವಾದರೆ, ಆ ವಾರವೇ ಹೋಗಿ. ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು ಕಂಡರೆ ನಾಳೆಗೆ ಬಿಡಬೇಡಿ.

ಎಷ್ಟು ವರ್ಷ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟೇ ಅಂತ ಗಡುವಿಲ್ಲ. ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ಬಿಸಿ ಏರುವುದು ಮತ್ತೆ ಬರುತ್ತದೆ. ನಾನು ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋದಾಗ ಡೋಸ್ ಇಳಿಸಬಹುದಾ ಅಂತ ಕೇಳುತ್ತೇನೆ. ಹೋದ ಸಲ ಒಂದು ಮೆಟ್ಟಿಲು ಇಳಿಸಿದರು. ನಿದ್ದೆ ಕೆಟ್ಟಿಲ್ಲ, ಸದ್ಯ ಅದೇ ಡೋಸಿನಲ್ಲಿದ್ದೇನೆ.